ಜಾಗ ಹೆಚ್ಚೈತ್ರಿ ಮೇಡಂ

ಟೆಲಿಫೋನ್ ಗಂಟೆ ಹೊಡೆದರೆ ನಾನು ಇವತ್ತಿಗೂ ಮೊದಲು ಗಡಿಯಾರ ನೋಡುತ್ತೇನೆ. ನಿವೃತ್ತಿಯಾಗಿ ಎಷ್ಟೋ ದಿನವಾಯಿತು, ಈಗ ಬರುವ ಕರೆಗಳೆಲ್ಲ ಮದುವೆಗೆ, ಗೃಹಪ್ರವೇಶಕ್ಕೆ ಕರೆಯುವವರದೇ. ಆದರೂ ಎತ್ತುವ ಮುಂಚೆ ಕೈ ಒಂದು ಗಳಿಗೆ ಹಿಂದೆ ಸರಿಯುತ್ತದೆ, ಯಾವ ಸರ್ವರ್ ಬಿತ್ತೋ ಅಂತ. ನನ್ನ ಹೆಸರು ಶಾಂತಾ. ಇಟ್ಟವರು ಏನು ನೋಡಿ ಇಟ್ಟರೋ, ಆ ಶಿವನೇ ಬಲ್ಲ.

ನಾನು ಬಿಟ್ಟ ಕುರ್ಚಿಗೆ ಬಂದ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಚೂಟಿ ಹುಡುಗಿ, ನೋಟ್ ಬುಕ್ಕು ಹಿಡಿದುಕೊಂಡೇ ಬಂದಿದ್ದಳು. "ಮೇಡಂ, ಸರ್ವರ್ ಕನೆಕ್ಟ್ ಆಗ್ತಿಲ್ಲ ಅಂತ ಫೋನ್ ಬಂದಾಗ ಮೊದಲು ಏನು ಚೆಕ್ ಮಾಡಬೇಕು?" ಅಂತ ಕೇಳಿದಳು. "ಮೊದಲು ನಿನ್ನ ಕಿವಿ ಚೆಕ್ ಮಾಡ್ಕೋ" ಅಂದೆ. ತಮಾಷೆ ಅಂದುಕೊಂಡು ನಕ್ಕಳು, ಬರೆದುಕೊಳ್ಳಲಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಹಾರ ಯಾರು ಹಾಕಿದರು ಅನ್ನೋದು ಇದರಲ್ಲಿ ಸಿಗಲ್ಲ. ಹಾರ ಬಾಡಿ ಯಾವ ಕಾಲವಾಯ್ತೋ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ರಕ್ತನಿಧಿ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹರಿಹರದಲ್ಲಿ ನಮ್ಮ ಸಣ್ಣ ಶಾಖೆ. ಎರಡೂ ಕಡೆ ಒಂದೊಂದು ಸರ್ವರ್. ಯಾರ ರಕ್ತ ಯಾವ ಗುಂಪಿನದು, ಕೊನೆಯ ಸಲ ಯಾವಾಗ ಕೊಟ್ಟರು, ತುರ್ತು ಬಿದ್ದರೆ ಯಾರ ಮನೆಯ ಫೋನಿಗೆ ಕರೆ ಮಾಡಿ ಅವರನ್ನು ಕೂಗಿಸಬೇಕು, ಎಲ್ಲ ಅದರ ಹೊಟ್ಟೆಯಲ್ಲಿ. ದಾವಣಗೆರೆಯ ದಾನಿಗಳ ಪಟ್ಟಿ ನಮ್ಮಲ್ಲಿ, ಹರಿಹರ ಮತ್ತು ಮಲೆಬೆನ್ನೂರು ಕಡೆಯವರ ಪಟ್ಟಿ ಅಲ್ಲಿ. ನಡುವೆ ಟೆಲಿಫೋನ್ ತಂತಿ, ಎರಡೂ ತುದಿಗೆ ಕಿರ್ರ್ ಅಂತ ಕಿರುಚುವ ಮೋಡೆಮ್ ಡಬ್ಬಿ. ಹರಿಹರಕ್ಕೆ ಇದ್ದದ್ದು ಒಂದೇ ಲೈನು. ಮೋಡೆಮ್ ಹಾಕಿದರೆ ಮಾತಾಡುವಂತಿಲ್ಲ, ಮಾತಾಡಿದರೆ ಮೋಡೆಮ್ ಇಲ್ಲ. ಅಲ್ಲಿ ಏನು ಕೆಟ್ಟಿದೆ ಅಂತ ನಾನೇ ನೋಡಬೇಕೋ, ಅಲ್ಲಿದ್ದವರ ಬಾಯಲ್ಲಿ ಕೇಳಬೇಕೋ, ಎರಡರಲ್ಲಿ ಒಂದು.

ಮೊದಲ ವರ್ಷ ನನ್ನ ಪ್ರಾಣ ತಿಂದದ್ದು ಸೋಮವಾರ. ವಾರವಿಡೀ ನೆಟ್ಟಗಿರುವ ಕಂಪ್ಯೂಟರುಗಳು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸರ್ವರಿನ ಸಂಪರ್ಕ ಕಳೆದುಕೊಳ್ಳುತ್ತಿದ್ದವು, ಎಲ್ಲವೂ ಒಟ್ಟಿಗೇ. ನಾನು ಬಿಡಿಭಾಗ ಬದಲಾಯಿಸಿದೆ, ಪ್ರೋಗ್ರಾಂ ಮತ್ತೆ ಹಾಕಿದೆ, ಕರೆಂಟಿನವರನ್ನು ಬೈದೆ. ಭಾನುವಾರ ಸಂಜೆಯಿಂದಲೇ ಊಟ ಸೇರುತ್ತಿರಲಿಲ್ಲ. ಐದನೇ ಸೋಮವಾರ ಎಲ್ಲ ಬಿಟ್ಟು ಓಣಿಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತೆ. ಕಸ ಹೊಡೆಯುವ ನಿಂಗಮ್ಮ ಬಂದಳು. ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಹೋಗುವವಳು, ಸೋಮವಾರ ಶಿವನ ವಾರ ಅಂತ ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆಯುತ್ತಿದ್ದಳು. ತುಂಬಿದ ಬಕೆಟ್ಟನ್ನು ಮೂಲೆಗೆ ದೂಡಿದಳು ನೋಡಿ, ಒಳಗಡೆ ಕೌಂಟರಿನವರೆಲ್ಲ "ಹೋತ್ರೀ" ಅಂತ ಕೂಗಿಕೊಂಡರು. ಆಗೆಲ್ಲ ಒಂದೇ ತಂತಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಿ ಕೊನೆಯಲ್ಲಿ ಒಂದು ಬಿರಡೆ ಇರುತ್ತಿತ್ತು. ಅದು ಸಡಿಲವಾದರೆ ಇಡೀ ಆಫೀಸು ಕುರುಡು. ಬಕೆಟ್ಟು ಅದಕ್ಕೇ ತಾಗುತ್ತಿತ್ತು. "ನಿಂಗವ್ವಾ, ಬಕೆಟ್ ಆಚೆ ಮೂಲೆಗಿಡವ್ವಾ" ಅಂದೆ, ಅಲ್ಲಿಗೆ ರಿಪೇರಿ ಮುಗಿಯಿತು. ಐದು ವಾರ ನಿದ್ದೆಗೆಟ್ಟದ್ದು ಒಂದು ಬಕೆಟ್ಟಿಗೆ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ, ಪುಸ್ತಕದಲ್ಲಿ "ಕನೆಕ್ಟರ್ ದೋಷ" ಅಂತ ಬರೆದೆ.

ಆ ಪುಸ್ತಕದ ಬಗ್ಗೆ ಹೇಳಬೇಕು. ದೋಷ, ಕಾರಣ, ಪರಿಹಾರ ಅಂತ ಮೂರು ಕಾಲಂ ಎಳೆದ ಉದ್ದನೆಯ ಪುಸ್ತಕ. ಅದನ್ನು ಇಡಿಸಿದವರು ನಮ್ಮ ಮೇಲಿನವರು, ಡಾಕ್ಟರ್ ಮಹಾರುದ್ರಪ್ಪ. ಕೆಟ್ಟವರಲ್ಲ, ಆದರೆ ತಾಳ್ಮೆ ಅನ್ನೋದು ಅವರ ಹತ್ತಿರ ಸುಳಿದಿರಲಿಲ್ಲ. ಏನಾದರೂ ಕೆಟ್ಟರೆ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಜೇಬಿನೊಳಗೆ ಕಾರಿನ ಕೀಲಿಕೈ ಗೊಂಚಲು ಆಡಿಸುತ್ತಿದ್ದರು. ಆ ಗಿಲಿಗಿಲಿ ಕೇಳಿದರೆ ನನ್ನ ಬೆರಳು ತಪ್ಪು ಕೀಲಿ ಒತ್ತುತ್ತಿದ್ದವು. "ಏನಮ್ಮಾ ಶಾಂತಾ, ಇನ್ನೂ ಎಷ್ಟೊತ್ತು?" ಅನ್ನುವರು. ಎಷ್ಟೊತ್ತು ಅಂತ ಗೊತ್ತಿದ್ದರೆ ಅದು ದೋಷ ಹೆಂಗಾಗುತ್ತೆ ಹೇಳಿ! ಹಾಗಂತ ಅವರಿಗೆ ಹೇಳೋ ಧೈರ್ಯ ನನಗೆಲ್ಲಿತ್ತು.

ಹರಿಹರದಲ್ಲಿ ಕೌಂಟರ್ ಮತ್ತು ಕಂಪ್ಯೂಟರ್ ಎರಡನ್ನೂ ನೋಡಿಕೊಳ್ಳುತ್ತಿದ್ದವರು ಹಾಲಪ್ಪನವರು. ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲು ದಾನಿಗಳ ಕಾರ್ಡು ಬರೆಯುತ್ತಿದ್ದರು, ಅಕ್ಷರ ಅಚ್ಚು ಹಾಕಿದ ಹಾಗೆ. ಕಂಪ್ಯೂಟರ್ ಬಂದಾಗ ಅವರಿಗೆ ಅದನ್ನು ಕಲಿಸಿದವಳು ನಾನೇ. ಹೇಳಿದ್ದನ್ನು ಒಂದು ಕೂದಲೂ ಆಚೀಚೆಯಾಗದಂತೆ ಮಾಡುವ ಮನುಷ್ಯ. ಅವರದು ಒಂದೇ ಒಂದು ವಿಚಿತ್ರ: ಬಾಯಲ್ಲಿ 'ಇಲ್ಲ' ಅನ್ನೋ ಮಾತು ಬರುತ್ತಿರಲಿಲ್ಲ. ಮೊದಲ ಸಲ ಅಲ್ಲಿಯ ಸರ್ವರ್ ಕೈಕೊಟ್ಟಾಗ, ತೆರೆಯ ಮೇಲೆ ಏನು ಬಂದಿದೆ ಅಂತ ಫೋನಿನಲ್ಲಿ ಕೇಳಿದೆ. ಸರ್ವರ್ ಲಭ್ಯವಿಲ್ಲ ಅಥವಾ ಇಲ್ಲವೇ ಇಲ್ಲ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬಂದಿತ್ತು. ಹಾಲಪ್ಪನವರು ಅದನ್ನು ಓದಿಕೊಂಡು ಬಂದು, "ಮೇಡಂ, ಸರ್ವರ್ ಎಲ್ಲೋ ಊರಿಗೆ ಹೋದಂಗೈತ್ರಿ" ಅಂದರು.

ನಗು ತಡೆದುಕೊಂಡು ಬೈದೆ. "ಯಾಕ್ರೀ ಹಾಲಪ್ಪನೋರೆ, ಇಲ್ಲ ಅಂದ್ರೆ ಇಲ್ಲ ಅನ್ನಾಕೆ ಏನ್ರಿ ಕಷ್ಟ?"

"ಅಲ್ರಿ ಮೇಡಂ, ದಿನಾ ಈ ಕೌಂಟರಿಗೆ ಬರೋರು ಯಾರು ಹೇಳ್ರಿ. ಒಳಗೆ ಅವರ ಮನುಷ್ಯ ಮಲಗಿರ್ತಾನೆ. ಅಂಥೋರ ಮುಖ ನೋಡಿ ಆ ಮಾತು ಹೆಂಗ್ರಿ ಅನ್ನಾದು? ಕೂಡ್ರಿ, ತರಿಸ್ತೀವಿ ಅಂತೀನಿ. ಬಾಯಿಗೆ ಅದೇ ರೂಢಿ ಬಿದ್ದೈತೆ."

ಸರಿ ಅಂತ ಫೋನಿಟ್ಟು ನನ್ನ ಕೆಲಸ ನೋಡಿಕೊಂಡೆ. ಅವತ್ತೇ ಸರಿಯಾಗಿ ಯೋಚಿಸಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಒಂದು ವರ್ಷ ಎಲ್ಲ ಸರಿಯಾಗಿ ನಡೆದ ಮೇಲೆ ಡಾಕ್ಟರು ಹುಕುಂ ಮಾಡಿದರು: ಇನ್ನು ಕಾರ್ಡು ಬೇಡ. ಕಂಪ್ಯೂಟರ್ ಇರುವಾಗ ಕಾರ್ಡು ಇಟ್ಟುಕೊಂಡರೆ ಜನ ಕಾರ್ಡನ್ನೇ ನೋಡ್ತಾರೆ, ಕಂಪ್ಯೂಟರ್ ಕಲಿಯಲ್ಲ ಅನ್ನೋದು ಅವರ ವಾದ. ಹರಿಹರದ ಕಾರ್ಡುಗಳು ಗೋಣಿಚೀಲದಲ್ಲಿ ತುಂಬಿಕೊಂಡು ದಾವಣಗೆರೆಯ ಗೋಡೌನಿಗೆ ಬಂದವು. ಹಾಲಪ್ಪನವರು ಚೀಲದ ಜೊತೆಗೇ ಬಂದಿದ್ದರು. ಹೆಣ್ಣು ಕಳಿಸಿಕೊಡುವ ತಂದೆಯ ಹಾಗೆ ಚೀಲದ ಬಾಯಿ ಎರಡು ಸಲ ಬಿಗಿದು ಕಟ್ಟಿದರು. ಅವರ ಮುಖ ನೋಡಿ ನನಗೆ ಒಳಗೊಳಗೇ ಹೆದರಿಕೆಯಾಯಿತು. "ಹಾಲಪ್ಪನೋರೆ, ಈಗ ಎಲ್ಲಾ ಆ ಮಷೀನ್ ಒಳಗೇ ಇರೋದು. ದಿನಾ ಸಂಜೆ ಪಟ್ಟಿದು ಇನ್ನೊಂದು ನಕಲು ಅದರಾಗೇ ತೆಗೆದಿಡ್ರಿ. ಒಂದನ್ನೂ ಅಳಿಸಬ್ಯಾಡ್ರಿ. ಅಳಿಸಿದ್ರೋ, ನಾನು ಸುಮ್ನಿರಲ್ಲ ನೋಡ್ರಿ" ಅಂತ ಬೆರಳು ತೋರಿಸಿ ಹೇಳಿದೆ. ಅವರು ತಲೆ ಆಡಿಸಿದರು. ಹೇಳಿದ್ದನ್ನು ಹಾಗೇ ಮಾಡುವ ಮನುಷ್ಯ ಅಂದೆನಲ್ಲ.

ಕೆಲವು ತಿಂಗಳ ಮೇಲೆ, ಬೇರೇನೋ ಮಾತಾಡುವಾಗ ಹಾಲಪ್ಪನವರು, "ಮೇಡಂ, ಡಿಸ್ಕಿನಾಗೆ ಜಾಗ ಹೆಚ್ಚಾಕೆ ಬಂದೈತ್ರಿ" ಅಂದರು. "ಒಳ್ಳೇದಾತು ಬಿಡ್ರಿ" ಅಂತ ಹೇಳಿ ಫೋನಿಟ್ಟೆ. ಆ ಕಡೆ ಅವರು ಏನಂದುಕೊಂಡರೋ ಪಾಪ.

ಇನ್ನು ಆ ದಿನಕ್ಕೆ ಬರುತ್ತೇನೆ. ಬುಧವಾರ. ಆಗ ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ಬೆಳಿಗ್ಗೆ ನಾನು ಮೊಪೆಡ್ ಹೊರಗೆ ತೆಗೆಯುವಾಗ ನಮ್ಮತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು, "ಶಾಂತವ್ವಾ, ಉಪ್ಪು ಹೆಚ್ಚೈತೆ, ಕಡ್ಲೆಬೇಳೆ ಹೆಚ್ಚೈತೆ, ಬರೋವಾಗ ತಗಂಡ್ ಬಾರವ್ವಾ." ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಮನೆಗಳಲ್ಲಿ ಡಬ್ಬಿ ಬರಿದಾದರೆ ಬರಿದಾಯಿತು, ಮುಗಿಯಿತು ಅಂತ ಅನ್ನಲ್ಲ. ಮನೆಯೊಳಗೆ ಇಲ್ಲ ಅನ್ನೋ ಮಾತು ಆಡಬಾರದು. ಅದಕ್ಕೇ ಹೆಚ್ಚಿದೆ ಅಂತೀವಿ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಪರ್ಸಿನಲ್ಲಿದ್ದ ಒಂದು ಹಳೇ ಬಸ್ ಟಿಕೇಟಿನ ಹಿಂದೆ "ಹೆಚ್ಚಿದ್ದು: ಉಪ್ಪು, ಕಡ್ಲೆಬೇಳೆ" ಅಂತ ಬರೆದು ಪರ್ಸಿಗೆ ತುರುಕಿಕೊಂಡು ಹೊರಟೆ.

ಹತ್ತೂವರೆಗೆ ಫೋನು. ಹಾಲಪ್ಪನವರ ದನಿ ಎಂದಿನ ಹಾಗಿರಲಿಲ್ಲ. "ಮೇಡಂ, ಸರ್ವರ್ ಏಳವಲ್ದ್ರಿ. ಇಲ್ಲಿ ನರ್ಸಿಂಗ್ ಹೋಮಿನಾಗೆ ಒಂದು ಹೆಣ್ಮಗಳಿಗೆ ಹೆರಿಗೆ ಆಗೇತೆ. ಮಗು ಚೆನ್ನಾಗೈತೆ. ತಾಯಿಗೆ ರಕ್ತ ಹೋಗೋದು ನಿಲ್ಲವಲ್ದು. ಓ ನೆಗೆಟಿವ್ ಬೇಕಂತೆ. ಆಕಿ ತಂದೆ ಇಲ್ಲೇ ಕೂತಾರೆ."

ಓ ನೆಗೆಟಿವ್ ರಕ್ತ ಎಲ್ಲರಿಗೂ ಕೊಡಬಹುದು, ಆದರೆ ಆ ಗುಂಪಿನವರಿಗೆ ಅದೊಂದೇ ಆಗಬೇಕು. ಸಾವಿರ ಜನರ ಸಾಲಿನಲ್ಲಿ ಹುಡುಕಿ ಹೆಕ್ಕುವಷ್ಟು ಕಡಿಮೆ. ನಮ್ಮ ಫ್ರಿಜ್ಜಿನಲ್ಲಿದ್ದ ಕೊನೆಯ ಎರಡು ಚೀಲ ಹಿಂದಿನ ದಿನವೇ ಹೋಗಿದ್ದವು. ಡಾಕ್ಟರು ದಾವಣಗೆರೆಯ ಪಟ್ಟಿ ಹಿಡಿದು ತಾವೇ ಫೋನು ತಿರುಗಿಸಲು ಕೂತರು. ಒಬ್ಬರು ಊರಲ್ಲಿಲ್ಲ, ಒಬ್ಬರಿಗೆ ಜ್ವರ, ಒಬ್ಬರ ಫೋನು ಎತ್ತುವವರೇ ಇಲ್ಲ. ಬಾಣಂತಿಯನ್ನು ದಾವಣಗೆರೆಗೆ ಸಾಗಿಸುವ ಸ್ಥಿತಿಯೂ ಇರಲಿಲ್ಲ. ಉಳಿದದ್ದು ಹರಿಹರದ ಪಟ್ಟಿ. ಆ ಪಟ್ಟಿ ಸರ್ವರಿನ ಹೊಟ್ಟೆಯಲ್ಲಿ, ಕಾರ್ಡುಗಳು ಗೋಣಿಚೀಲದಲ್ಲಿ. ಗೋಡೌನಿಗೆ ಇಬ್ಬರನ್ನು ಓಡಿಸಿದೆವು. ಚೀಲಗಳ ಮೇಲೆ ಚೀಲ ಬಿದ್ದು, ಯಾವುದು ಹರಿಹರದ್ದು ಅಂತ ಗುರುತೇ ಸಿಗದಷ್ಟು ಕಲಸಿಹೋಗಿತ್ತು.

ಮೊದಲು ನಾನೇ ನೋಡೋಣ ಅಂತ ಹಾಲಪ್ಪನವರಿಗೆ ಫೋನು ಇಡಲು ಹೇಳಿ ಮೋಡೆಮ್ ಹಾಕಿದೆ. ಕಿರ್ರ್ ಅಂತ ಕಿರುಚಿ ತಂತಿ ಸೇರಿತು, ಆಮೇಲೆ ಅದೇ ಸಾಲು: ಸರ್ವರ್ ಲಭ್ಯವಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಷ್ಟರಲ್ಲಿ ಹದಿನೈದು ನಿಮಿಷ ಹೋಯಿತು. ಹಿಂದೆ ಕೀಲಿಕೈ ಗಿಲಿಗಿಲಿ ಶುರುವಾಯಿತು.

ಮತ್ತೆ ಫೋನು ಹಚ್ಚಿದೆ. ಅಲ್ಲಿ ಸರ್ವರ್ ಇದ್ದದ್ದು ಹಿಂದಿನ ಕೋಣೆಯಲ್ಲಿ, ಫೋನಿದ್ದದ್ದು ಮುಂದಿನ ಕೌಂಟರಿನಲ್ಲಿ. ನಾನು ಒಂದು ಪ್ರಶ್ನೆ ಕೇಳಿದರೆ ಹಾಲಪ್ಪನವರು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ, ನೋಡಿ, ಹೊರಗೆ ಬಂದು ಹೇಳಬೇಕು. ಅವರ ಚಪ್ಪಲಿ ಸಪ್ಪಳ ದೂರವಾಗುವುದು, ಹತ್ತಿರವಾಗುವುದು ನನಗೆ ಕೇಳಿಸುತ್ತಿತ್ತು. ನಡುವೆ ಆ ತಂದೆಯ ದನಿ. "ಐತೇನ್ರಿ? ಸಿಕ್ತೇನ್ರಿ?" ಅಂತ ಕೇಳುತ್ತಿದ್ದರು. "ಕೂಡ್ರಿ ಯಜಮಾನ್ರೆ, ನೋಡಾಕತ್ತೀವಿ" ಅಂತ ಹಾಲಪ್ಪನವರು ಹೇಳುತ್ತಿದ್ದರು.

ತಂತಿ ನೋಡಿಸಿದೆ, ಬಿಗಿಯಾಗಿತ್ತು. ಬಿರಡೆ ನೋಡಿಸಿದೆ, ಸರಿಯಿತ್ತು. ಮಷೀನು ಆರಿಸಿ ಹಚ್ಚಿಸಿದೆ. ಮಷೀನೇನೋ ಎದ್ದಿತು, ಅದರೊಳಗಿನ ಡೇಟಾಬೇಸ್ ಮಾತ್ರ ಏಳಲಿಲ್ಲ. ಈ ಥರ ಡೇಟಾಬೇಸ್ ಏಳದೇ ಇರೋದಕ್ಕೆ ಒಂದು ದೊಡ್ಡ ಕಾರಣ ಡಿಸ್ಕ್ ತುಂಬಿರೋದು. ಉಸಿರಾಡಲು ಜಾಗ ಸಿಗದಿದ್ದರೆ ಅದು ಕಣ್ಣೇ ಬಿಡಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

"ಹಾಲಪ್ಪನೋರೆ, ಡಿಸ್ಕಿನಾಗೆ ಜಾಗ ಹೆಂಗೈತೆ ನೋಡ್ರಿ."

ಚಪ್ಪಲಿ ಸಪ್ಪಳ ಹೋಯಿತು, ಬಂತು.

"ಜಾಗ ಹೆಚ್ಚೈತ್ರಿ ಮೇಡಂ."

"ಸರಿಯಾಗಿ ನೋಡಿದ್ರಾ?"

"ಕಣ್ಣಾರೆ ನೋಡೀನ್ರಿ. ಹೆಚ್ಚೈತೆ."

ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿದೆ. ನನಗೆ ಗೊತ್ತಾಗಲಿಲ್ಲ. ಹೆಚ್ಚು ಐತೆ, ಅಂದರೆ ಬೇಕಾದಷ್ಟಿದೆ ಅಂತ ನನ್ನ ಕಿವಿಗೆ ಬಿತ್ತು. ಆಫೀಸಿನ ಕುರ್ಚಿಯಲ್ಲಿ ಕೂತವಳಿಗೆ ಅಡುಗೆಮನೆಯ ಮಾತು ಯಾಕೆ ನೆನಪಾಗುತ್ತೆ? ಡಿಸ್ಕ್ ಅಲ್ಲ ಅಂತ, ಕಾರಣಗಳನ್ನು ಬರೆದುಕೊಂಡಿದ್ದ ಚೀಟಿಯ ಮೇಲೆ ಗೀಟು ಹೊಡೆದು ಮುಂದಕ್ಕೆ ಹೋದೆ. ಪೂರಾ ಒಂದು ತಾಸು ದಾರಿ ತಪ್ಪಿದವಳ ಹಾಗೆ ಅಲೆದೆ. ಪಾಸ್‌ವರ್ಡ್ ನೋಡಿಸಿದೆ, ಸೆಟ್ಟಿಂಗ್ ಓದಿಸಿದೆ, ಮತ್ತೆ ಮಷೀನು ಆರಿಸಿ ಹಚ್ಚಿಸಿದೆ. ಅಷ್ಟೊತ್ತಿಗೆ ಅಲ್ಲಿಯ ತಂದೆ ಕೇಳುವುದನ್ನೂ ಬಿಟ್ಟಿದ್ದರು. ಅವರ ದನಿ ಕೇಳದೇ ಇರೋದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಹನ್ನೆರಡು ದಾಟಿತು. ಡಾಕ್ಟರು ಈಗ ಕೀಲಿಕೈ ಆಡಿಸುತ್ತಿರಲಿಲ್ಲ, ಅದೂ ನಿಂತುಹೋಗಿತ್ತು. "ನರ್ಸಿಂಗ್ ಹೋಮಿನಿಂದ ಫೋನ್ ಬಂದಿತ್ತಮ್ಮ. ಬಿ.ಪಿ. ಇಳೀತಾ ಇದೆಯಂತೆ" ಅಂದರು ಮೆಲ್ಲಗೆ. ಅವರು ರೇಗಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಡೇಟಾಬೇಸೇ ಕೆಟ್ಟಿದೆ, ಅದನ್ನು ಅಳಿಸಿ ಹಿಂದಿನ ಸಂಜೆಯ ನಕಲನ್ನು ಎತ್ತಿ ಹಾಕೋದು. ಕೈಯಲ್ಲಿರೋದನ್ನು ಚೆಲ್ಲಿ ಡಬ್ಬಿಯಲ್ಲಿರೋದನ್ನು ತೆಗೆಯೋದು, ಡಬ್ಬಿಯಲ್ಲಿ ಇದೆ ಅನ್ನೋ ನಂಬಿಕೆಯ ಮೇಲೆ. ಹಾಲಪ್ಪನವರಿಗೆ ಆದೇಶವನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ. "ಡಿ, ದಾವಣಗೆರೆ ಡಿ. ಆರ್, ರಾಣೆಬೆನ್ನೂರು ಆರ್." ಅವರು ಬರೆದುಕೊಂಡು ಒಳಗೆ ಹೋಗಿ ಹೊಡೆದು ಬಂದರು.

"ಹೊಡೆದೀನ್ರಿ. ಇನ್ನು ಎಂಟರ್ ಒತ್ತೋದೊಂದೇ ಬಾಕಿ. ಒತ್ತಲೇನ್ರಿ?"

"ನಿಲ್ರಿ. ನಕಲು ಎತ್ತಾಕೆ ಇನ್ನೊಂದು ಪಾಸ್‌ವರ್ಡ್ ಬೇಕಾಗುತ್ತೆ, ನನ್ನ ಡೈರಿಯಾಗೈತೆ. ಅದನ್ನೂ ಬರ್ಕೊಂಡೇ ಹೋಗಿ ಒತ್ತೀರಂತೆ."

ಪರ್ಸು ತೆರೆದೆ. ಡೈರಿ ಎಳೆದರೆ ಅದರ ಜೊತೆ ಬೆಳಿಗ್ಗೆ ಬರೆದ ಬಸ್ ಟಿಕೇಟೂ ಬಂದು ಕೀಬೋರ್ಡಿನ ಮೇಲೆ ಬಿತ್ತು. ನನ್ನದೇ ಅಕ್ಷರ. ಹೆಚ್ಚಿದ್ದು: ಉಪ್ಪು, ಕಡ್ಲೆಬೇಳೆ.

ಅಯ್ಯೋ ದೇವರೇ!

"ಹಾಲಪ್ಪನೋರೆ, ಒತ್ತಬ್ಯಾಡ್ರಿ! ಏನೂ ಮುಟ್ಟಬ್ಯಾಡ್ರಿ!" ಅಂತ ಕಿರುಚಿದೆ. ಡಾಕ್ಟರು ಬೆಚ್ಚಿಬಿದ್ದರು.

"ಮುಟ್ಟಿಲ್... ಏನೂ ಮುಟ್ಟದಂಗೆ ನಿಂತೀನ್ರಿ."

"ಜಾಗ ಹೆಚ್ಚೈತೆ ಅಂದ್ರಲ್ಲ. ಹೆಚ್ಚೈತೆ ಅಂದ್ರೆ ಏನು? ಐತೋ, ಮುಗಿದೈತೋ?"

"ಹೆಚ್ಚೈತೆ ಅಂದ್ರೆ ಹೆಚ್ಚೈತ್ರಿ ಮೇಡಂ. ಖಾಲಿ ಅಂತ. ನಿಮ್ಮನ್ಯಾಗೆ ಹಂಗೆ ಅನ್ನಲ್ಲೇನ್ರಿ?"

ಅನ್ನುತ್ತೇವೆ. ಅವತ್ತು ಬೆಳಿಗ್ಗೆ ಕೂಡ ಅಂದಿದ್ದರು. ನಾನು ಅದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೆ.

"ಹಾಲಪ್ಪನೋರೆ, ಹೊಡೆದಿದ್ದನ್ನು ಅಳಿಸಿ ಹಾಕ್ರಿ. ಆಮೇಲೆ ನಕಲುಗಳ ಪಟ್ಟಿ ತೆಗೀರಿ. ಒಂದೊಂದರ ಮುಂದೆ ಒಂದೊಂದು ನಂಬರ್ ಇರುತ್ತೆ, ಅದರ ಗಾತ್ರ. ಕೊನೇ ಹತ್ತು ನಂಬರ್ ಕಾಗದದ ಮ್ಯಾಲೆ ಬರ್ಕೊಂಡು ಬರ್ರಿ. ನಿಮ್ಮ ಮಾತು ಬ್ಯಾಡ, ನಂಬರ್ ಓದ್ರಿ."

ಹೋದರು, ಬಂದರು. ಓದಿದರು. "ನಿನ್ನೇದು, ಸೊನ್ನೆ. ಮೊನ್ನೇದು, ಸೊನ್ನೆ. ಆಚೆ ಮೊನ್ನೇದು, ಸೊನ್ನೆ." ಒಂಬತ್ತು ಸಲ ಸೊನ್ನೆ ಅಂದರು, ಹತ್ತನೆಯದಕ್ಕೆ ಮಾತ್ರ ನಂಬರ್ ಬಂತು. ಒಂಬತ್ತು ದಿನದಿಂದ ಜಾಗವಿಲ್ಲದೆ ನಕಲುಗಳು ಬರೀ ಹೆಸರಿಗೆ ಹುಟ್ಟುತ್ತಿದ್ದವು, ಒಳಗೆ ಏನೂ ಇರಲಿಲ್ಲ. ಆ ಎಂಟರ್ ಒತ್ತಿದ್ದರೆ ಇದ್ದ ಪಟ್ಟಿ ಹೋಗುತ್ತಿತ್ತು, ಅದರ ಜಾಗಕ್ಕೆ ಸೊನ್ನೆ ಬಂದು ಕೂರುತ್ತಿತ್ತು. ಹಳೆಯ ನಕಲು ಹುಡುಕಿ ಎತ್ತಬಹುದಿತ್ತು, ಇಲ್ಲವೆನ್ನಲ್ಲ. ಆದರೆ ಅಷ್ಟರಲ್ಲಿ ಸಂಜೆಯಾಗುತ್ತಿತ್ತು. ಆ ಬಾಣಂತಿಯ ಹತ್ತಿರ ಸಂಜೆಯವರೆಗೆ ಸಮಯವಿರಲಿಲ್ಲ.

ಡಿಸ್ಕ್ ತುಂಬಿಸಿದ್ದು ಯಾರು? ಒಂದನ್ನೂ ಅಳಿಸಬ್ಯಾಡ್ರಿ ಅಂತ ಬೆರಳು ತೋರಿಸಿದವಳು. ಒಂದು ದಿನವೂ ಬಿಡದೆ ತೆಗೆದಿಟ್ಟ ಎಲ್ಲ ನಕಲುಗಳೂ ಅಲ್ಲೇ ಇದ್ದವು.

"ಮೊದಮೊದಲಿನವು ಒಂದಿಪ್ಪತ್ತು ಅಳಿಸ್ರಿ" ಅಂದೆ.

"ಅಳಿಸಬ್ಯಾಡ ಅಂದಿದ್ರಿ..."

"ನಾನೇ ಅಂದಿದ್ದೆ, ಈಗ ನಾನೇ ಅಳಿಸ್ರಿ ಅಂತಿದ್ದೀನಿ. ಹೋಗ್ರೀ ಮಾರಾಯ್ರೆ!"

ಇಪ್ಪತ್ತು ಹೆಸರು, ಒಂದೊಂದನ್ನೂ ಓದಿಸಿ, ನಾನು ಹೂಂ ಅಂದ ಮೇಲೇ ಅಳಿಸಿದರು. ಆಮೇಲೆ ಡೇಟಾಬೇಸ್ ಮತ್ತೆ ಶುರು ಮಾಡಿಸಿದೆ. ಅದು ತನ್ನನ್ನು ತಾನು ಸರಿಮಾಡಿಕೊಂಡು ಏಳಲು ಏಳು ನಿಮಿಷ ತೆಗೆದುಕೊಂಡಿತು. ಆ ಏಳು ನಿಮಿಷ ನಾನು ಫೋನು ಕಿವಿಗೆ ಒತ್ತಿಕೊಂಡು, ಎದುರಿನ ಗೋಡೆ ಗಡಿಯಾರದ ಮುಳ್ಳನ್ನೇ ನೋಡುತ್ತ ಕೂತಿದ್ದೆ. ಡಾಕ್ಟರು ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಅವರು ಹಾಗೆ ಮಾಡಿದ್ದು ನನ್ನ ಸರ್ವಿಸಿನಲ್ಲಿ ಅದೊಂದೇ ಸಲ.

"ಎದ್ದೈತ್ರಿ!" ಅಂತ ಹಾಲಪ್ಪನವರು ಒಳಗಿನಿಂದಲೇ ಕೂಗಿದರು. ಫೋನಿಲ್ಲದಿದ್ದರೂ ದಾವಣಗೆರೆಗೆ ಕೇಳಿಸುವ ಹಾಗೆ.

ಓ ನೆಗೆಟಿವ್ ಅಂತ ಹುಡುಕಿದರೆ ಮೂರು ಹೆಸರು. ಮೊದಲನೆಯವರು ವರ್ಗವಾಗಿ ಬೇರೆ ಊರಿಗೆ ಹೋಗಿದ್ದರು. ಎರಡನೆಯವರು ಮೂರು ವಾರದ ಹಿಂದಷ್ಟೇ ಕೊಟ್ಟಿದ್ದರು, ಮತ್ತೆ ತೆಗೆಯುವಂತಿಲ್ಲ. ಮೂರನೆಯವರು ಮಲೆಬೆನ್ನೂರಿನ ಬಸವನಗೌಡರು ಅಂತ ಒಬ್ಬ ರೈತರು. ಅವರ ಮನೆಯಲ್ಲಿ ಫೋನಿಲ್ಲ, ಪಕ್ಕದ ಹಿಟ್ಟಿನ ಗಿರಣಿಯ ನಂಬರ್ ಕೊಟ್ಟಿದ್ದರು. ಗಿರಣಿಗೆ ಫೋನು ಹಚ್ಚಿದವರು ಡಾಕ್ಟರೇ. ಗಿರಣಿಯ ಸದ್ದಿಗೆ ಆ ಕಡೆಯವರಿಗೆ ಏನೂ ಕೇಳದು, ಡಾಕ್ಟರು ಕುರ್ಚಿಯಿಂದ ಎದ್ದು ನಿಂತು "ರಕ್ತಾ, ರಕ್ತಾ" ಅಂತ ಕೂಗುತ್ತಿದ್ದರು. ಕೊನೆಗೆ ಗಿರಣಿ ನಿಲ್ಲಿಸಿದರು. ಗೌಡರು ಗದ್ದೆಯಲ್ಲಿದ್ದಾರೆ, ಕರಕೊಂಡು ನಾನೇ ಬರ್ತೀನಿ ಅಂದರಂತೆ ಗಿರಣಿಯ ಯಜಮಾನರು. ಒಂದೂವರೆ ಗಂಟೆಗೆ ಅವರ ಬೈಕಿನ ಹಿಂದೆ ಕೂತು, ಕಾಲಿನ ಕೆಸರು ಕೂಡ ತೊಳೆಯದೆ ಗೌಡರು ಹರಿಹರದ ಕೌಂಟರಿಗೆ ಬಂದರು. ರಕ್ತ ತೆಗೆದು, ಪರೀಕ್ಷೆ ಮಾಡಿ, ಎರಡೂವರೆಗೆ ಕಳಿಸಿದರು ಅಂತ ಹಾಲಪ್ಪನವರು ತಿಳಿಸಿದರು. ಅಲ್ಲಿಗೆ ನಮ್ಮ ಕೈಯಲ್ಲಿದ್ದದ್ದು ಮುಗಿಯಿತು.

ಆಮೇಲಿನದು ಬರೀ ಕಾಯೋದು. ಡಾಕ್ಟರು ದೋಷದ ಪುಸ್ತಕ ತಂದು ನನ್ನ ಮುಂದಿಟ್ಟರು. "ಟ್ರಸ್ಟಿನವರು ಕೇಳ್ತಾರಮ್ಮ. ಎರಡು ತಾಸು ತಡ ಆಗಿದ್ದು ಯಾಕೆ, ಯಾರಿಂದ ಅಂತ. ಬರೆದಿಡು" ಅಂದರು.

ನಾನು ಬರೆದೆ. ಏನು ಬರೆದೆ ಅಂತ ಈಗ ಹೇಳಿಕೊಳ್ಳಲೂ ಮೈ ಹಿಡಿಯಾಗುತ್ತೆ. ಕಾರಣದ ಕಾಲಂನಲ್ಲಿ, "ಹರಿಹರದ ಆಪರೇಟರ್ ತಪ್ಪು ಮಾಹಿತಿ ನೀಡಿದ್ದರಿಂದ" ಅಂತ ಬರೆದುಬಿಟ್ಟೆ. ಹೆದರಿದ ಕೈ ಅದು. ಆ ಹೆಣ್ಣುಮಗಳಿಗೆ ಏನಾದರೂ ಆದರೆ ಈ ಒಂದು ಸಾಲು ನನ್ನನ್ನು ಉಳಿಸುತ್ತದೆ, ಹಾಲಪ್ಪನವರನ್ನು ಮನೆಗೆ ಕಳಿಸುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬರೆದು ಅದನ್ನೇ ನೋಡುತ್ತ ಕೂತೆ. ಬಸ್ ಟಿಕೇಟು ಇನ್ನೂ ಕೀಬೋರ್ಡಿನ ಪಕ್ಕದಲ್ಲೇ ಬಿದ್ದಿತ್ತು. ನಮ್ಮತ್ತೆ ಉಪ್ಪು ಹೆಚ್ಚೈತೆ ಅಂದಾಗ, ಮನೆತುಂಬ ಉಪ್ಪಿದೆ ಅಂತ ತಿಳಿದು ನಾನು ಬರಿಗೈಲಿ ಹೋದರೆ ತಪ್ಪು ಯಾರದು? ಅತ್ತೆಯದಾ?

ಆ ಸಾಲಿಗೆ ಅಡ್ಡ ಗೀಟು ಎಳೆದೆ. ಕೆಳಗೆ ಬರೆದೆ: "ಜಾಗ ಮುಗಿದಿತ್ತು. ಹಾಲಪ್ಪನವರು ಹಿಂದೆ ಒಮ್ಮೆ, ಇವತ್ತು ಎರಡು ಸಲ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ನಕಲು ಅಳಿಸಬಾರದು ಅಂದವಳೂ ನಾನೇ." ಸಹಿ ಹಾಕಿದೆ. ಡಾಕ್ಟರು ಓದಿದರು, ಗೀಟು ಹೊಡೆದ ಸಾಲನ್ನೂ ಓದಿದರು. ಪುಸ್ತಕ ಮುಚ್ಚಿದರು.

ಮೂರಾಯಿತು, ಮೂರೂವರೆಯಾಯಿತು. ಆಫೀಸಿನಲ್ಲಿ ಯಾರೂ ಊಟ ಮಾಡಿರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಗಂಟೆ ಹೊಡೆಯಿತು. ಎತ್ತಲು ನನ್ನ ಕೈ ಏಳಲಿಲ್ಲ. ಎರಡು, ಮೂರು, ನಾಲ್ಕು ಸಲ ಹೊಡೆಯಿತು. ಎತ್ತಿದೆ.

"ಮೇಡಂ, ನಾನು ಹಾಲಪ್ಪ."

"ಹೇಳ್ರಿ."

ಹಾಲಪ್ಪನವರು ಮೊದಲ ಸಲ ಹತ್ತುವ ಮೆಟ್ಟಿಲಿನ ಮೇಲೆ ಕಾಲಿಡುವ ಹಾಗೆ ಒಂದೊಂದೇ ಮಾತು ಇಟ್ಟರು. "ರಕ್ತ ಹೋಗ್ತಾ... ಇಲ್ರಿ. ಈಗ ಹೋಗ್ತಾ ಇಲ್ಲ. ನಿಂತೈತೆ. ಜೀವಕ್ಕೆ ಭಯ ಇಲ್ಲ ಅಂತ ಅಲ್ಲಿ ಡಾಕ್ಟ್ರು ಅಂದಾರ್ರಿ. ಇಲ್ಲ. ಇಲ್ಲವೇ ಇಲ್ಲ."

ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆದರೂ ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಹೋಗಿತ್ತು. "ಹಾಲಪ್ಪನೋರೆ, ನಂಬರ್ ಓದ್ರಿ" ಅಂದೆ.

"ಬಿ.ಪಿ. ನೂರಾ ಹತ್ತು, ಎಪ್ಪತ್ತು. ನರ್ಸಮ್ಮನ ಕೈಲಿ ಚೀಟಿ ಬರೆಸ್ಕಂಡ್ ಬಂದೀನ್ರಿ ಮೇಡಂ. ನೀವು ನಂಬರ್ ಕೇಳ್ತೀರಂತ ಗೊತ್ತಿತ್ತು. ಚೀಟಿ ನೋಡೇ ಓದಾಕತ್ತೀನಿ."